ಅರ್ಧ ಗಡ್ಡದ ಕ್ಯಾಪ್ಟನ್

...ಅಲ್ಲಾಡಬೇಡ ಅಂತ ಹೇಳಿದ್ನಲ್ಲ, ಗೆಥಿನ್! ಕೈಲಿರೋದು ಕ್ಷೌರದ ಕತ್ತಿ ಕಣೋ, ಸೌಟಲ್ಲ. ಗಡಿಯಾರ ನೋಡಬೇಡ. ಬಸ್ಸು ಹೋಗಲ್ಲ. ಓಡಿಸೋನು ಇದ್ರಿಸ್ ತಾನೇ? ನಾನು ಹೂಂ ಅನ್ನೋವರೆಗೂ ಹೊರಡಲ್ಲ ಅವನು. ಲಿವರ್‌ಪೂಲೂ ಅಷ್ಟೇ, ನೀನು ಹೋಗೋವರೆಗೂ ಅಲ್ಲೇ ಇರುತ್ತೆ.

ಏನು? ಮಾತಾಡಬೇಡ, ನೊರೆ ಬಾಯಿಗೆ ಹೋಗುತ್ತೆ. ಮಾತು ನನಗೆ ಬಿಡು. ಈ ಕುರ್ಚೀಲಿ ಕೂತೋರ ಪಾಲಿನ ಮಾತನ್ನೂ ನಾನೇ ಆಡೋದು. ಅದಕ್ಕೇ ನಿಮ್ಮಪ್ಪ ಗಡ್ಡ ಬಿಟ್ಟಿದ್ದು.

ಚೀಲ ತುಂಬಾ ಹಗುರ ಇದೆಯಲ್ಲೋ. ಎತ್ತಿ ಆ ಕಡೆ ಇಡೋವಾಗಲೇ ಗೊತ್ತಾಯ್ತು. ಫುಟ್‌ಬಾಲ್ ಬೂಟು ತಗೊಂಡಿಲ್ಲ ಅಲ್ವಾ? ತಲೆ ಅಲ್ಲಾಡಿಸಬೇಡ, ಕಣ್ಣು ಮಿಟುಕಿಸು ಸಾಕು. ಹಾಂ... ತಗೊಂಡಿಲ್ಲ. ಅಂದ್ರೆ ಹಡಗುಕಟ್ಟೇಲಿ ಮೂಟೆ ಹೊರೋದು, ಆಟಕ್ಕೆ ದೊಡ್ಡ ನಮಸ್ಕಾರ. ಯಾಕಪ್ಪಾ ಅಂದ್ರೆ, ಬರ್ನ್‌ನಲ್ಲಿ ಒಂದು ನಾಣ್ಯ ಉಲ್ಟಾ ಬಿತ್ತು. ಇದೂ ಒಂದು ಕಾರಣವೇ!

ನಗು ಬಂತಾ? ಇಲ್ವಾ? ಮೂಗಿನ ಹತ್ರ ಏನೋ ಕದಲಿದ ಹಾಗಾಯ್ತು. ಇರ್ಲಿ ಬಿಡು.

ನನಗೆ ಗೊತ್ತು ನಿನ್ನ ಭಯ ಏನು ಅಂತ. ಆಟ ಸೋತಿದ್ದಲ್ಲ. ಹೆಸರು! ನಮ್ಮೂರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದ್ರೂ ಒಬ್ಬ ಜೋನ್ಸ್‌ಗೆ ತಗಲುತ್ತೆ, ತಪ್ಪಿದ್ರೆ ಎವನ್ಸ್‌ಗೆ. ಅದಕ್ಕೇ ಹಾಲಿನ ಜೋನ್ಸು, ಹೆಣದಪೆಟ್ಟಿಗೆ ಜೋನ್ಸು, ಬ್ರೆಡ್ಡಿನ ಎವನ್ಸು. ಊರು ಒಂದ್ಸಲ ಹೆಸರಿಟ್ರೆ ಗೋರಿ ಕಲ್ಲಿನವರೆಗೂ ಜೊತೇಗೇ ಬರುತ್ತೆ. ನನ್ನನ್ನೇ ನೋಡು. ಎಷ್ಟು ತಲೆ ಕೆತ್ತಿದೀನಿ, ಎಷ್ಟು ಮದುಮಕ್ಕಳನ್ನ ಚೆಂದ ಮಾಡಿ ಕಳಿಸಿದೀನಿ. ಪಾದ್ರಿಗಳ ಕಿವಿ ಒಂದೇ ಒಂದ್ಸಲ, ಒಂದು ಚೂರು ಕೊಯ್ದೆ... ಅವತ್ತಿಂದ ಕಿವಿ ಹಿವೆಲ್. ನನ್ನ ಹೆಂಡತಿ ಕಿವಿ ಹಿವೆಲ್ ಹೆಂಡತಿ.

ಕುರ್ಚೀನ ಯಾಕೋ ಅಷ್ಟು ಗಟ್ಟಿ ಹಿಡ್ಕೊಂಡೆ? ಕಿವಿ ಹತ್ರ ಹೋಗಲ್ಲ, ಸಮಾಧಾನ ಮಾಡ್ಕೋ.

ನಾಣ್ಯದ ಗೆಥಿನ್ ಅಂತ ಕರೀತಾರೆ ಅನ್ಕೊಂಡಿದೀಯ. ಅಂಗಡೀಲಿ, ಕಲ್ಲುಗಣೀಲಿ, ನಾಳೆ ನಿನ್ನ ಮಕ್ಕಳಿಗೂ ನಾಣ್ಯದ ಗೆಥಿನ್ ಮಕ್ಕಳು ಅಂತಾರೆ... ಹೂಂ, ನಮ್ಮೂರ ಬಾಯಿ ಎಂಥದ್ದು ಅಂತ ನನಗೆ ಗೊತ್ತಿಲ್ವಾ. ಅದಕ್ಕೆ ಸುಳ್ಳು ಹೇಳಲ್ಲ. ಇನ್ನೊಂದು ಸ್ವಲ್ಪ ನೊರೆ ಹಾಕ್ತೀನಿ ಇರು. ಒಣಗಿಹೋಗಿದೆ.

ಒಂದು ಕೇಳ್ತೀನಿ. ಈ ಯುರೋಪಿನ ಕಪ್ಪಿಗೆ ನಮ್ಮನ್ನ ಕರೆದಿದ್ದು ಯಾರು? ಅವರವರ ದೇಶದ ಕಪ್ ಗೆದ್ದೋರೆಲ್ಲ ಬನ್ನಿ ಅಂದ್ರು. ವೇಲ್ಸ್ ಕಪ್ ಗೆದ್ದೋರು ನಾವು. ಹೋದ್ವಿ. ನಾರ್ವೆಯೋರು ಬಂದಾಗ ನೆನಪಿದೆಯಾ? ನಮ್ಮ ಮೈದಾನದ ಬೇಲಿ ಪಕ್ಕ ಕುರಿ ನೋಡಿ ಇದು ಅಭ್ಯಾಸದ ಮೈದಾನ, ದೊಡ್ಡ ಮೈದಾನ ಎಲ್ಲಿ ಅಂತ ಕೇಳಿದ್ರಂತೆ. ಅವರನ್ನ ನೀಟಾಗಿ ಮನೆಗೆ ಕಳಿಸಿದ್ವಿ. ಆಮೇಲೆ ಪೋರ್ಚುಗಲ್ಲೋರು. ಇಲ್ಲಿ ನಾವು ಒಂದು ಗೋಲು, ಅಲ್ಲಿ ಅವರು ಒಂದು. ಸಮ. ಮತ್ತೆ ಆಡಿ ಅಂತ ಸ್ವಿಟ್ಜರ್‌ಲೆಂಡಿನ ಬರ್ನ್‌ಗೆ ಕಳಿಸಿದ್ರು. ಅವರು ಸಂಬಳ ತಗೊಂಡು ಆಡೋರು, ನೀವು ಕಲ್ಲು ಸೀಳಿ ಬಂದು ಆಡೋರು!

ಬುಧವಾರ ಇಡೀ ಬೀದಿ ಇದೇ ಅಂಗಡೀಲಿತ್ತು, ಈ ರೇಡಿಯೋ ಮುಂದೆ. ಒಂದು ಗೋಲು ಹಿಂದೆ ಬಿದ್ವಿ. ಆಟ ಇನ್ನೇನು ಮುಗೀತು ಅನ್ನೋವಾಗ ನೀನು ತಲೇಲಿ ಹೊಡೆದ್ಯಲ್ಲ... ಅಯ್ಯೋ! ನೊರೆ ಬಟ್ಟಲು ಎಸೆದುಬಿಟ್ಟೆ ನಾನು. ನೋಡು, ಆ ಕಲೆ ಇನ್ನೂ ಗೋಡೆ ಮೇಲಿದೆ. ಬ್ರೆಡ್ಡಿನ ಎವನ್ಸ್ ನನಗೆ ಮುತ್ತು ಕೊಟ್ಟ. ಅಂಗಡಿ ಬಾಡಿಗೆ ವಿಷಯಕ್ಕೆ ಏಳು ವರ್ಷದಿಂದ ಮಾತು ಬಿಟ್ಟಿದ್ದೋನು.

ಆಮೇಲೆ ಹೆಚ್ಚಿನ ಹೊತ್ತು ಆಡಿದ್ರೂ ಸಮ. ನಾಣ್ಯ ಚಿಮ್ಮಿ ತೀರ್ಮಾನ ಅಂದ್ರು. ಕ್ಯಾಪ್ಟನ್ ನೀನು, ಯಾವ ಕಡೆ ಅಂತ ಕೇಳೋನೂ ನೀನೇ.

ಕಣ್ಣು ಮುಚ್ಚಬೇಡ. ಕೇಳು.

ನಮ್ಮೂರಲ್ಲಿ ನಾಣ್ಯ ಚಿಮ್ಮಿದಾಗ ರಾಣಿ ಮುಖ ಬೀಳ್ಲಿ ಅಂತ ಕೇಳಿದೋನು ಯಾರಾದ್ರೂ ಇದಾನಾ? ಸ್ಕೂಲಲ್ಲಿ ಗೋಲಿ ಆಡೋವಾಗ್ಲೂ ಇಲ್ಲ. ನಿಮ್ಮಜ್ಜನ ಕಾಲದಲ್ಲಿ ರಾಜ ಇದ್ದ, ರಾಜನ್ನ ಕೇಳಲಿಲ್ಲ. ಈಗ ರಾಣಿ, ರಾಣೀನೂ ಕೇಳಲ್ಲ. ಸೋತ್ರೆ ಸೋಲ್ತೀವಿ, ಗೆಲ್ಸು ತಾಯಿ ಅಂತ ಇಂಗ್ಲಿಷರ ಲಂಡನ್ ಕಡೆ ಕೈ ಚಾಚಲ್ಲ. ತಾಯಿ ಹಾಲಿನ ಜೊತೆ ಬಂದಿದ್ದಲ್ವಾ ಇದು? ಅಲ್ಲಿ ರೆಫರಿ ನಾಣ್ಯ ತೋರಿಸ್ದ. ಒಂದು ಕಡೆ ಅಂಕಿ. ಇನ್ನೊಂದು ಕಡೆ ಒಬ್ಬ ಹೆಂಗಸು, ಕೈಲಿ ಈಟಿ, ಗುರಾಣಿ, ನಿಂತ ಭಂಗಿ. ನೀನು ನೋಡ್ದೆ. ಯಾವ ರಾಣಿಯಾದ್ರೇನು ರಾಣೀನೇ ಅಂತ ಅಂಕಿ ಕೇಳ್ದೆ. ಬಿದ್ದಿದ್ದು ಹೆಂಗಸು.

ನಿನ್ನೆ ಪಾದ್ರಿಗಳು ಬಂದು ಹೇಳಿದ್ರು, ಆಯಮ್ಮ ರಾಣಿಯೇ ಅಲ್ವಂತೆ! ಸ್ವಿಸ್ಸಿನೋರ ದೇಶಮಾತೆಯಂತೆ. ರಾಜರನ್ನ ಕಂಡ್ರೆ ಆಗದ ಜನವಂತೆ ಅವರು, ನಮ್ಮ ಹಾಗೇನೇ. ಅಂಗಡೀಲಿದ್ದೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ವಿ ಕಣೋ... ಹಾಂ, ನಿನ್ನ ನೋಡಿ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡ. ನಮ್ಮನ್ನ ನೋಡ್ಕೊಂಡು ನಕ್ಕಿದ್ದು. ಇಲ್ಲಿದ್ದ ಒಬ್ಬೊಬ್ಬರನ್ನೂ ಕೇಳ್ದೆ, ನೀನಾಗಿದ್ರೆ ಏನು ಕೇಳ್ತಿದ್ದೆ ಅಂತ. ಒಬ್ಬನಾದ್ರೂ ಹೆಂಗಸು ಅಂದಿದ್ರೆ ನನ್ನ ಕಿವಿ ಕೊಯ್ದು ಕೊಡ್ತಿದ್ದೆ. ಪಾದ್ರಿಗಳೂ ಅಂಕಿ ಅಂದ್ರು!

ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತ ನಾನು ಹೇಳ್ತಿಲ್ಲ. ಜಟ್ಟಿ ಬೀಳಲೇ ಇಲ್ಲ ಅಂತ ಹೇಳ್ತಿದೀನಿ. ಬಿದ್ದಿದ್ದು ನಾಣ್ಯ.

ಏನೋ ಹಾಗೆ ನೋಡ್ತೀಯ ಕನ್ನಡೀಲಿ? ಹಾಂ... ಈ ಕೆನ್ನೆ ಎರಡು ಸಲ ಕೆರೆದೆ, ಹೌದು. ಮೂರು ಸಲವಾ? ನಿನ್ನ ಗಡ್ಡ ಒರಟು ಮಾರಾಯ, ನಾನೇನು ಮಾಡ್ಲಿ. ಬಲಗೆನ್ನೆಗೆ ಬರ್ತೀನಿ, ಬರ್ತೀನಿ. ಅವಸರ ಮಾಡಿದ್ರೆ ಕಿವಿ ಗತಿ ಏನಾಗುತ್ತೆ ಅಂತ ಗೊತ್ತಲ್ಲ.

ಪರದೆನಾ? ಬಿಸಿಲು ಅಂತ ಎಳೆದೆ. ಇವತ್ತು ಮೋಡವಾ? ಇದ್ರೆ ಇರ್ಲಿ. ಕತ್ತಿ ಮಸೆಯೋವಾಗ ಪರದೆ ಎಳೀಬೇಕು. ಹಾಗೊಂದು ಪದ್ಧತಿ ಇದೆ. ನಿನ್ನೆಯಿಂದ ಶುರುವಾಗಿದೆ.

ಯಾಕೋ ಕತ್ತು ತಿರುಗಿಸ್ದೆ? ಗಡಿಯಾರ ನೋಡ್ತಿಲ್ಲ. ಬಾಗಿಲನ್ನೇ ನೋಡ್ತಿದೀಯ.

...ಕೇಳಿಸ್ತಾ?

ಕೇಳಿಸೇ ಕೇಳಿಸುತ್ತೆ, ಆ ದೊಡ್ಡ ತುತ್ತೂರೀನ ಮೆಲ್ಲಗೆ ಊದೋಕೆ ಆಗುತ್ತಾ! ಇದ್ರಿಸ್‌ಗೆ ಬಡ್ಕೊಂಡಿದ್ದೆ, ನಾನು ಹೂಂ ಅನ್ನೋವರೆಗೂ ಬಾಯಿಗೆ ಇಡಬೇಡ ಅಂತ. ಹೌದು, ಬಸ್ಸಿನ ಇದ್ರಿಸ್ಸೇ. ಊರ ಬ್ಯಾಂಡಲ್ಲಿ ಅದನ್ನ ಊದೋನು ಇನ್ಯಾರು? ಬಸ್ಸು ಖಾಲಿ ನಿಂತಿದೆ. ಇವತ್ತು ಹೊರಡಲ್ಲ ಅದು.

ಮುಖ ಹಾಗೆ ಮಾಡಬೇಡ ಗೆಥಿನ್. ಗುರುವಾರ ಸಂಜೆ ಇಡೀ ಊರು ಚೌಕದಲ್ಲಿ ಕಾಯ್ತಿತ್ತು. ನಿಮ್ಮ ಬಸ್ಸು ಬಂತು, ಎಲ್ಲರೂ ಇಳಿದ್ರು, ನೀನಿಲ್ಲ. ಹಿಂದಿನ ತಿರುವಲ್ಲೇ ಇಳಿದು ಕಲ್ಲುರಾಶಿ ಹಿಂದೆ ಹಿಂದೆ ಮನೆ ಸೇರ್ಕೊಂಡಿದ್ದೆ. ಬ್ಯಾಂಡು ಒಂದು ಸದ್ದೂ ಮಾಡದೆ ಪೆಟ್ಟಿಗೆ ಮುಚ್ತು. ನಿಮ್ಮಮ್ಮ ಅಲ್ಲೇ ನಿಂತು ಅತ್ರು. ಇವತ್ತು ಗಡ್ಡ ಮಾಡಿಸ್ಕೊಂಡು ಹೋಗು ಅಂತ ನಿನ್ನ ಇಲ್ಲಿಗೆ ಕಳಿಸಿದ್ದು ಅವರೇ. ಎಲ್ಲರೂ ಸೇರೋವರೆಗೂ ಕೂರಿಸ್ಕೋ ಅಂದ್ರು. ಅದಕ್ಕೇ ಒಂದು ಕೆನ್ನೆ ಉಳಿಸಿದೀನಿ, ಅರ್ಧ ಗಡ್ಡದಲ್ಲಿ ಯಾರೂ ಓಡಿಹೋಗಲ್ಲ ಅಂತ.

ಹೆಸರಿಟ್ಟಾಯ್ತು ಕಣೋ. ನಿನ್ನೇನೇ ಊರು ಹೆಸರಿಟ್ಟುಬಿಡ್ತು. ಹಾಲಿನ ಜೋನ್ಸ್ ನಿಮ್ಮನೆ ಬಾಗಿಲಲ್ಲಿ ಬಾಟಲಿ ಇಟ್ಟು ಏನಂತ ಕೂಗಿದ, ಕೇಳಿಸ್ಲಿಲ್ವಾ? 'ಯುರೋಪಿನ ಗೆಥಿನ್ ಅಮ್ಮಾ, ಹಾಲು!' ಇನ್ನು ಗೋರಿ ಕಲ್ಲಿನವರೆಗೂ ಅದೇ. ನಾನು ಕಿವಿ, ನೀನು ಯುರೋಪು. ನನಗೆ ಹೊಟ್ಟೆಕಿಚ್ಚು.

ಹೋಗ್ಬೇಡ ಕಣೋ. ನೀನು ಹೋದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ. ನಿನ್ನ ಮೊದಲ ಗಡ್ಡ ತೆಗೆದೋನು ನಾನು.

ಏನಾದ್ರೂ ಹೇಳೋ... ಅಳ್ತಿದೀಯಾ ನಗ್ತಿದೀಯಾ, ನೊರೇಲಿ ಗೊತ್ತಾಗ್ತಿಲ್ಲ. ಏ, ಏಳಬೇಡ! ಕತ್ತಿ ಇದೆ! ಬಲಗೆನ್ನೆ ಹಾಗೇ ಇದೆ ಕಣೋ, ಟವೆಲ್ಲಾದ್ರೂ ತೆಗಿ... ಆ ಬಾಗಿಲಲ್ಲ, ಅದು ಹಿತ್ತಿಲು... ಹಾಂ, ಅದೇ. ಜೋರಾಗಿ ಎಳಿ, ಅಂಟ್ಕೊಳ್ಳುತ್ತೆ.

ಅಬ್ಬಾ, ಏನು ಜನ! ಊದೋ ಇದ್ರಿಸ್, ಊದೋ ಈಗ!

ಗೆಥಿನ್... ಚೀಲ! ಚೀಲ ಇಲ್ಲೇ ಬಿಟ್ಟೆ!

...ಕೇಳಿಸ್ಲಿಲ್ಲ ಅವನಿಗೆ. ಒಳ್ಳೇದಾಯ್ತು.