ಸೆಪ್ಟೆಂಬರಿನವಳ ನೀಲ

ನಿನ್ನದೇ ಕಣೇ ಉಂಗುರ, ಇನ್ಯಾರದ್ದು? ಕಲ್ಲು ಹಿಡ್ಕೊಂಡಿರೋ ಕೊಕ್ಕೆ ಸವೆದಿದೆ ಅಂತ ಮೊನ್ನೆ ನೀನೇ ತಾನೇ ಬಿಚ್ಚಿಕೊಟ್ಟೆ? ಸರಿಮಾಡಿದೆ, ಉಜ್ಜಿದೆ, ಹೊಳೀತಿದೆ. ಅಷ್ಟೇ. ಕಟ್ಟಿಕೊಂಡ ಗಂಡನ ಅಂಗಡಿಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತು, ಹೀಗೆ ಕನ್ನಡಕ ಏರಿಸಿಕೊಂಡು ಪರೀಕ್ಷೆ ಮಾಡ್ತಾರಾ ಯಾರಾದ್ರೂ?

ಯಾಕೆ ನಗ್ತೀಯಾ? ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ತಾನೇ? ಅಕ್ಕನ ಮಾತು ಬೇರೆ, ಹೆಂಡತಿ ಮಾತು ಬೇರೆ ಮಾರಾಯ್ತಿ.

ಬಣ್ಣ ಬೇರೆ ಥರ ಕಾಣ್ತಿದೆಯಾ? ಅದು... ಕಿಟಕಿ ಬೆಳಕಲ್ಲಿ ಒಂದು ಬಣ್ಣ, ಟ್ಯೂಬ್‌ಲೈಟಲ್ಲಿ ಒಂದು. ನೋಡು, ನೀನು ಹುಟ್ಟಿದ್ದು ಸೆಪ್ಟೆಂಬರು. ಹುಟ್ಟಿದ ತಿಂಗಳಿಗೊಂದು ರತ್ನ ಅಂತಾರಲ್ಲ, ಸೆಪ್ಟೆಂಬರಿಗೆ ನೀಲ. ಮಾರ್ಚಲ್ಲಿ ಹುಟ್ಟಿದ್ರೆ ತಿಳಿನೀಲಿ ಅಕ್ವಾಮರೀನು. ಡಿಸೆಂಬರಾಗಿದ್ರೆ ಆಕಾಶನೀಲಿ ಫಿರೋಜಾ. ಅದು ಎಣ್ಣೆ, ಸೋಪು ಎಲ್ಲ ಹೀರಿಕೊಂಡು ಹಸಿರಿಗೆ ತಿರುಗೋ ಕಲ್ಲು, ನಿನ್ನ ತಮ್ಮನ ಹಾಗೆ, ಸಿಕ್ಕಿದ್ದೆಲ್ಲ ಕುಡಿಯೋದು... ಆಯ್ತು, ಆಯ್ತು, ತಮ್ಮನ ಸುದ್ದಿ ಬೇಡ. ನೀಲ ಹಾಗಲ್ಲ. ಮಾಣಿಕ್ಯಾನೂ ಇದೂ ಒಡಹುಟ್ಟಿದವು, ಒಂದೇ ಖನಿಜ. ಒಳಗೆ ಚೂರು ಕಬ್ಬಿಣ, ಚೂರು ಟೈಟಾನಿಯಂ ಸೇರಿದ್ರೆ ನೀಲಿ, ಕ್ರೋಮಿಯಂ ಸೇರಿದ್ರೆ ಕೆಂಪು. ಗಡಸುತನದಲ್ಲಿ ವಜ್ರ ಬಿಟ್ರೆ ಇವೇ. ಬೇಕಾದ್ರೆ ಊದಿ ನೋಡು. ಊದು ಅಂದೆ. ಕಂಡ್ಯಾ, ಉಸಿರಿನ ಮಂಜು ತಕ್ಷಣ ಮಾಯ. ಗಾಜಾಗಿದ್ರೆ ಮಸುಕು ಹಾಗೇ ನಿಂತಿರ್ತಿತ್ತು.

ಏನು? ಗಾಜಿನ ಮಾತು ತೆಗೆದಿದ್ದು ನಾನೇನಾ? ಬಾಯಿ ತಪ್ಪಿ ಬಂತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡ್ಕೊಳ್ತಿಲ್ಲ ನಾನು, ಬೆವರು ಒರೆಸ್ಕೊಳ್ತಿದ್ದೀನಿ.

ಈಗ ಯಾಕೆ ಕೈ ಚಾಚಿದೆ? ಉಂಗುರ ನಿನ್ನ ಹತ್ರಾನೇ ಇದೆಯಲ್ಲ. ಹಳೇ ಕಲ್ಲಾ? ಯಾವ ಹಳೇ ಕಲ್ಲು? ಹಾಗೆ ನೋಡಬೇಡ ಕಣೇ. ಬೈದುಬಿಡು, ತಡ್ಕೋತೀನಿ. ಸುಮ್ನೆ ಕೂತ್ಕೊಂಡ್ರೆ ಮಾತ್ರ ನನ್ನ ಕೈಲಿ ಆಗಲ್ಲ.

ಸರಿ... ತಗೋ. ಈ ಪೊಟ್ಟಣದಲ್ಲಿದೆ. ಎರಡು ಹೋಳು. ನೀಲಕ್ಕೆ ಬೆಂಕಿ ಲೆಕ್ಕಕ್ಕಿಲ್ಲ, ಕಲ್ಲು ಬಿಚ್ಚದೇನೇ ಕೊಕ್ಕೆಗೆ ಬೆಸುಗೆ ಹಾಕ್ತೀವಿ. ನಾನೂ ಹಾಗೇ ಉರಿ ಹಿಡಿದೆ. ಟಪ್ ಅಂತು. ಆಮೇಲೆ ನೆನಪಾಯ್ತು. ಇಪ್ಪತ್ತೆಂಟು ವರ್ಷ ಕಂಡಕಂಡವರಿಗೆಲ್ಲ "ನನ್ನ ಹೆಂಡತಿ ಬೆರಳಲ್ಲಿರೋದು ಅಪ್ಪಟ ನೀಲ" ಅಂತ ಹೇಳಿ ಹೇಳಿ, ಕೊನೆಗೆ ಆ ಗಳಿಗೇಲಿ ನಾನೇ ನಂಬಿಬಿಟ್ಟಿದ್ದೆ.

ಅದು ಗಾಜು ಕಣೇ. ಮದುವೆ ಹೊತ್ತಿಗೆ ಇನ್ನೊಬ್ಬರ ಅಂಗಡಿಯಲ್ಲಿ ಪಾಲಿಶ್ ಮಾಡ್ತಿದ್ದೆ, ಅಷ್ಟೇ ನನ್ನ ಯೋಗ್ಯತೆ. ಈಗ ಕೂರಿಸಿರೋ ನೀಲ ನಿಜವಾದ್ದು. ಅಳತೆ ನೋಡಿ ತಂದು ಹನ್ನೊಂದು ವರ್ಷ ಆಯ್ತು, ಈ ಡ್ರಾಯರಲ್ಲೇ ಇತ್ತು. ಬದಲಾಯಿಸಬೇಕು ಅಂದ್ರೆ ಮೊದಲು ಹೇಳಬೇಕಿತ್ತಲ್ಲ. ನಾಚಿಕೆ ಆಗ್ತಿತ್ತು. ನೀನು ಏನಂದ್ಕೊಳ್ತೀಯೋ ಅಂತ ಭಯಾನೂ ಇತ್ತು.

ಗಾಜು ಅಂದೆ, ನೀನು ಬೆಚ್ಚಿಬೀಳಲೂ ಇಲ್ಲ. ನಂಬಿಕೆ ಬರಲಿಲ್ವಾ? ಕೊಡಿಲ್ಲಿ ಆ ಹೋಳು, ಲೆನ್ಸಲ್ಲಿ ತೋರಿಸ್ತೀನಿ. ಗಾಜು ಬಲು ಮೆದು, ಮೇಜಿನ ಧೂಳು ಒರೆಸಿದ್ರೂ ಗೀರು ಬೀಳುತ್ತೆ. ನೀನಂತೂ ಇಪ್ಪತ್ತೆಂಟು ವರ್ಷ ಬಾಣಲೆ ಉಜ್ಜಿದವಳು, ಮೈತುಂಬ ಗೀರೇ ಇರುತ್ತೆ, ನೋಡು ಬೇಕಾದ್ರೆ... ತಾಳು. ಬೆಳಕಿಗೆ ಹಿಡೀತೀನಿ.

ಒಂದೂ ಇಲ್ಲವಲ್ಲೇ.

ಪಾತ್ರೆ ತೊಳೆಯುವಾಗ ತೆಗೆದಿಡ್ತಿದ್ದೆಯಾ? ಬಟ್ಟೆ ಒಗೆಯುವಾಗ? ಹಿಟ್ಟು ನಾದುವಾಗಲೂ? ನೀಲಕ್ಕೆ ಯಾರೂ ಇಷ್ಟು ಜೋಪಾನ ಮಾಡಲ್ಲ ಕಣೇ... ಯಾವಾಗಿಂದ ಗೊತ್ತು ನಿನಗೆ? ಅಂಗಡಿ ಇಟ್ಟಾಗಿಂದಾನಾ? ಅದಕ್ಕೂ ಮುಂಚೇನಾ?

ಮೊದಲನೇ ದಿನದಿಂದಾನೇನೇ?