ನಾಲ್ಕನೆಯ ಪ್ರೊಸೆಸರನ್ನು ಎಬ್ಬಿಸಿದವಳು

ಅಧ್ಯಕ್ಷರಾದ ಶ್ರೀಮತಿ ಹ್ಯಾಲೊರನ್ ಅವರೇ, ಆಸ್ಪತ್ರೆಗಳಿಂದ ಬಂದಿರುವ ಅತಿಥಿಗಳೇ, ಊಟಕ್ಕಿಟ್ಟ ಚಿಪ್ಪುಮೀನಿನ ಸ್ಕಾಲಪ್ ಪೈ ತಣ್ಣಗಾಗುವ ಮೊದಲು ಇವನ ಮಾತು ಮುಗಿಯಲಿ ಎಂದು ಹಾರೈಸುತ್ತಿರುವ ಸಭಿಕರೇ,

ಇಂದು ಇನೆಕೆ ಫಾನ್ ರೂಯಿ ನಮ್ಮ ಹೋಬಾರ್ಟ್ ಕಚೇರಿ ಬಿಡುತ್ತಿದ್ದಾಳೆ. ಹೃದಯದ ಬಡಿತ ತೋರಿಸುವ ನಮ್ಮ ಯಂತ್ರಗಳ ಕರ್ನಲ್, ಅಂದರೆ ಒಳಗಿನ ಮೂಲ ತಂತ್ರಾಂಶ, ಈ ಹದಿನಾಲ್ಕು ವರ್ಷಗಳಲ್ಲಿ ಅವಳ ಸಹಿಯಿಲ್ಲದೆ ಹೊರಗೆ ಹೋದದ್ದುಂಟೇ? ಒಂದು ಸಾಲೂ ಹೋಗಿಲ್ಲ.

ಕಳೆದ ಮಾರ್ಚ್ ತಿಂಗಳ ಮಾತು. ಪ್ರೊಸೆಸರಿನಲ್ಲೇ ಅಡಗಿರುವ ಭದ್ರತಾ ಕವಚವೊಂದನ್ನು ಕರ್ನಲ್ ಮೂಲಕ ಚಾಲೂ ಮಾಡುವ ಕೆಲಸ ನನ್ನದು. ಯಂತ್ರದಲ್ಲಿ ನಾಲ್ಕು ಪ್ರೊಸೆಸರುಗಳು. ಯಂತ್ರ ಚಾಲೂ ಆದಾಗ ಮೊದಲು ಏಳುವ ಪ್ರೊಸೆಸರನ್ನು "ಕವಚಕ್ಕೆ ಸಿದ್ಧವೇ?" ಎಂದು ಕೇಳಿದೆ. ಹೌದೆಂದಿತು. ನಾಲ್ಕಕ್ಕೂ ಕವಚ ತೊಡಿಸುವಂತೆ ಬರೆದುಬಿಟ್ಟೆ. ಮೊದಲನೆಯದರಂತೆಯೇ ಉಳಿದವೂ ಇರುತ್ತವೆ ಎಂದು ನಂಬುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಸೋಮವಾರ ಆಸ್ಪತ್ರೆಗೆ ಕಳಿಸುತ್ತೇವೆಂದು ನಾನು ಮಾತು ಬೇರೆ ಕೊಟ್ಟಿದ್ದೆ.

ಇನೆಕೆ ಸಹಿ ಹಾಕಲಿಲ್ಲ.

"ಉಳಿದ ಮೂರನ್ನ ಯಾರಪ್ಪ ಕೇಳಿದ್ದು, ಡರ್ಮಟ್?"

"ಅಯ್ಯೋ, ಎಲ್ಲಾ ಒಂದೇ ಕಣೇ! ನಿಂಗೆ ಅನುಮಾನದ ಕಾಯಿಲೆ."

"ಹಂಗಾದ್ರೆ ಬಾ, ಅಂಗಿ ಬಿಚ್ಚು."

ನಗಬೇಡಿ. ಪರೀಕ್ಷೆಯ ತಂತಿಗಳನ್ನು ನಮ್ಮ ಎದೆಗೇ ಅಂಟಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಪರದೆಯ ಮೇಲೆ ನನ್ನ ಹೃದಯ ಓಡುತ್ತಿತ್ತು. ಕೆಲಸ ಕಡಿಮೆಯಿದ್ದಾಗ ಮೊದಲನೆಯದನ್ನು ಬಿಟ್ಟು ಉಳಿದ ಪ್ರೊಸೆಸರುಗಳು ಮಲಗಿರುತ್ತವೆ. ಅವಳು ಯಂತ್ರಕ್ಕೆ ಕೆಲಸದ ಮೇಲೆ ಕೆಲಸ ಹೇರಿದಳು. ಎರಡನೆಯದು ಎದ್ದಿತು. ಮೂರನೆಯದೂ ಎದ್ದಿತು. ನನ್ನ ಬಡಿತ ನೂರ ಮೂವತ್ತಾಯಿತು. ನಾಲ್ಕನೆಯದು ಚಿಕ್ಕ ಜಾತಿಯದು. ಅದರಲ್ಲಿ ಆ ಕವಚವೇ ಇರಲಿಲ್ಲ. ಅದು ಎದ್ದು ಇಲ್ಲದ ಕವಚ ತೊಡಲು ಹೋದದ್ದೇ ತಡ, ಯಂತ್ರ ನಿಂತು ಪರದೆ ಕಪ್ಪಾಯಿತು. ಎಚ್ಚರಿಕೆಯ ಗಂಟೆಯೂ ಹೊಡೆಯಲಿಲ್ಲ.

"ನಿನ್ ಜಾಗದಲ್ಲಿ ರೋಗಿ ಇದ್ದಿದ್ರೆ?" ಅಂದಳು.

ಪ್ರತಿಯೊಂದು ಪ್ರೊಸೆಸರನ್ನೂ ಕೇಳುವಂತೆ, ಒಂದು ಇಲ್ಲವೆಂದರೂ ಕವಚ ಚಾಲೂ ಆಗದಂತೆ ಕರ್ನಲ್ಲನ್ನು ಅವಳೇ ತಿದ್ದಿದಳು. ಹನ್ನೊಂದು ದಿನ ತಡವಾಯಿತು.

ಅವಳು "ಸ್ವಂತ ಕಾರಣಗಳಿಂದ" ಹೋಗುತ್ತಿದ್ದಾಳೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಯಾವ ಸ್ವಂತ ಕಾರಣ? ತಡಕ್ಕೆ ಹೊಣೆ ಯಾರೆಂದು ಮೇಲಿನವರು ಕೇಳಿದಾಗ "ಇನೆಕೆ ಸಹಿ ತಡೆದಳು" ಎಂದು ವರದಿ ಬರೆದವನು ನಾನು. ಸುಳ್ಳಲ್ಲ, ನೋಡಿ. ಏಕೆ ತಡೆದಳೆಂದು ಮಾತ್ರ ಬರೆಯಲಿಲ್ಲ. ಅವಳಿಗೆ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ನನಗೆ ಬಂತು. ಅವಳು ರಾಜೀನಾಮೆ ಬರೆದುಕೊಟ್ಟಳು. ಇಲ್ಲಿ ನಿಂತು ಅವಳನ್ನು ಹೊಗಳಲು ನನಗೆ ನಾಚಿಕೆಯಾಗುತ್ತಿದೆ.

ಅಧ್ಯಕ್ಷರೇ, ನನ್ನ ರಾಜೀನಾಮೆ ನಿಮ್ಮ ಮೇಜಿನ ಮೇಲಿದೆ. ಅವಳದನ್ನು ಹರಿದುಹಾಕಿ. ಇನೆಕೆ, ಇರುವುದು ಬಿಡುವುದು ನಿನ್ನಿಷ್ಟ. ಆದರೆ ಹೋಗಬೇಕಾದವಳು ನೀನಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.