ಉಗುಳದ ವೈನು

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಮಗನ ಬೈಕಿಗೆ ಕಾಯುತ್ತಿದ್ದ ಲೋಕಮ್ಮನ ಪಕ್ಕದಲ್ಲೇ ಇಬ್ಬರು ಹುಡುಗಿಯರು ಟೀ ಕುಡಿಯುತ್ತಿದ್ದರು.

“ಬೆಳಗ್ಗಿಂದ ಇಷ್ಟು ವೈನರಿ ಸುತ್ತಿದ್ವಲ್ಲ, ರುಚಿಗೆ ಕೊಟ್ಟ ವೈನು ತಿಪ್ಪೇಶ ಎಲ್ಲೂ ಉಗುಳಲೇ ಇಲ್ಲ ಕಣೇ.”

“ರುಚಿ ನೋಡಿ ಉಗುಳ್ರಿ ಅಂತ ಬಕೆಟ್ ಇಟ್ಟಿದ್ರಲ್ಲ?”

“ಕೊಟ್ಟೋರ ಎದುರಿಗೇ ಉಗುಳಿದ್ರೆ ಅವಮಾನ ಮಾಡಿದಂಗೆ ಅಂದ. ಎಲ್ಲಾ ನುಂಗಿದ.”

“ಕಾರು ಅವನೇ ಓಡಿಸ್ತಿರೋದು ಮಾರಾಯ್ತಿ.”

“ಹೇಳ್ದೆ. ಚೀಸು, ಕಬಾಬು ಹೊಟ್ಟೆ ತುಂಬ ತಿಂದಿದೀನಿ, ಏನೂ ಆಗಲ್ಲ ಅಂತ ನಕ್ಕ.”

“ನಾವು ಬಸ್ಸಿಗೆ ಹೋಗೋಣ್ವಾ?”

“ಬೇಜಾರು ಮಾಡ್ಕೊತಾನೆ. ಸೊರಬ ಏನು ದೂರ.”

ಕಾರಿನ ಹಾರನ್ ಕೇಳಿಸಿತು. ಇಬ್ಬರೂ ಲೋಟ ಇಟ್ಟು ಹೋಗಿ ಹತ್ತಿದರು.

ಲೋಕಮ್ಮ ಮಗನಿಗೆ ಫೋನ್ ಹಚ್ಚಿದಳು. ಸೊರಬದಿಂದ ಅದೇ ರಸ್ತೆಯಲ್ಲಿ ಬರುತ್ತಿದ್ದ ಅವನು, ಬೈಕ್ ಓಡಿಸುವಾಗ ಫೋನ್ ಎತ್ತುವವನಲ್ಲ.